'ಇತರೆ'ಗೆ ಎಷ್ಟು ಸಾರ್?

ಮಂಗಳೂರಿನಲ್ಲಿ ಮೀನು ಮಾರುವ ಅಕ್ಕಂದಿರದ್ದು ಒಂದು ಗುಣ ನನಗೆ ಬಹಳ ಇಷ್ಟ. ಬಂಗುಡೆ ನೂರಕ್ಕೆ ಐದು ಅಂದರೆ ಐದೇ. ಚೌಕಾಸಿ ಮಾಡಿದರೆ ಬೈಯಬಹುದು, ಮನಸ್ಸು ಬಂದರೆ ಆರನೆಯದು ಒಂದು ಸಣ್ಣದು ಹಾಕಲೂಬಹುದು. ಆದರೆ ನೀವು ಮನೆಗೆ ತಂದು, ಗಸಿ ಮಾಡಿ, ಉಂಡು ಕೈ ತೊಳೆಯುವಾಗ ಬಾಗಿಲಿಗೆ ಬಂದು "ಮುಳ್ಳಿನ ದುಡ್ಡು ಬಾಕಿ ಉಂಟಲ್ಲ" ಅನ್ನುವುದಿಲ್ಲ.

ನಮ್ಮ ವಕೀಲರು ಅಂದರು.

ನಮ್ಮದು ಪಾಲಿನ ಕೇಸ್. 32 ಸೆಂಟ್ಸ್ ಜಾಗ, 11 ತೆಂಗಿನಮರ, ಒಂದು ಬಾವಿ, 7 ಜನ ವಾರಸುದಾರರು. ಮೊದಲ ದಿನವೇ ಫೀಸ್ ಎಷ್ಟು ಅಂತ ಕೇಳಿದ್ದೆ. "ಛೆ, ನಿಮ್ಮ ಹತ್ತಿರ ಎಂತ ಫೀಸ್ ಮಾರಾಯ್ರೆ, ಮೊದಲು ಕೆಲಸ ಆಗ್ಲಿ" ಅಂದರು. ನಮ್ಮೂರಲ್ಲಿ ಯಾರಾದರೂ "ನಿಮ್ಮ ಹತ್ತಿರ ಎಂತ" ಅಂದರೆ ಕಿಸೆ ಮುಟ್ಟಿ ನೋಡಿಕೊಳ್ಳಬೇಕು. ನಾನು ನೋಡಿಕೊಳ್ಳಲಿಲ್ಲ. ವಕಾಲತ್ತಿಗೆ ಸಹಿ ಹಾಕಿದೆ. ಅದರ ಮೇಲೆ ಅಂಟಿಸಿದ ವಕೀಲರ ಕಲ್ಯಾಣ ನಿಧಿಯ ಸ್ಟಾಂಪಿಗೂ ನಾನೇ ದುಡ್ಡು ಕೊಟ್ಟೆ. ಅವರ ಕಲ್ಯಾಣ ಅಲ್ಲಿಂದಲೇ ಶುರು.

ಆರು ವರ್ಷದ ನಂತರ ಒಂದು ಲೆಕ್ಕ ಬಂತು, ಯಾರದ್ದೋ ಮದುವೆ ಕಾಗದದ ಹಿಂಬದಿಯಲ್ಲಿ. ಟೈಪಿಂಗ್, ಜೆರಾಕ್ಸ್, ಸಮನ್ಸ್ ಖರ್ಚು, ಇತರೆ. ಕೋರ್ಟು ನೇಮಿಸಿದ ಕಮಿಷನರ್ ಜಾಗ ನೋಡಲು ಬಂದದ್ದು, ಇತರೆ. ಕೊನೆಯಲ್ಲಿ ಫೀಸ್ ಬಾಕಿ, ಅದರ ಕೆಳಗೆ ಮತ್ತೊಂದು ಇತರೆ. ಮೂರು ಇತರೆ ಸೇರಿಸಿದರೆ ಒಂದು ಮಧ್ಯಮ ಗಾತ್ರದ ಸ್ಕೂಟರ್ ಬರುತ್ತದೆ. ಕಾಗದದ ಎದುರು ಬದಿಯಲ್ಲಿ "ಉಡುಗೊರೆ ಬೇಡ, ಆಶೀರ್ವಾದವೇ ಉಡುಗೊರೆ" ಅಂತ ಅಚ್ಚಾಗಿತ್ತು.

ಒಂದು ವಿಷಯಕ್ಕೆ ವಕೀಲರನ್ನು ಮೆಚ್ಚಲೇಬೇಕು. ಬಾಡಿಗೆ ಕರಾರು ಹನ್ನೊಂದು ತಿಂಗಳಿಗೆ ಮಾಡಿ ಅಂತ ನಮಗೆ ಕಲಿಸಿದವರು ಇವರು. ಭಾವನಿಗೆ ಕೈಸಾಲ ಕೊಡುವಾಗಲೂ ಪ್ರೋನೋಟು ಬರೆಸಿಕೊಳ್ಳಿ, ಬಾಯಿಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಅಂತ ಬುದ್ಧಿ ಹೇಳಿದವರೂ ಇವರೇ. ಇಡೀ ಜಿಲ್ಲೆಯಲ್ಲಿ ಬರವಣಿಗೆ ಇಲ್ಲದೆ ಬರೀ ನಂಬಿಕೆ ಮೇಲೆ ನಡೆಯುವ ವ್ಯವಹಾರ ಒಂದೇ ಉಳಿದಿದೆ. ಅದು ಇವರ ಫೀಸ್.

ಬೇರೆ ವಕೀಲರನ್ನು ಇಡೋಣ ಅಂತ ಫೈಲ್ ಕೇಳಲಿಕ್ಕೆ ಹೋದೆ. ಕ್ಲಾರ್ಕ್ ತಲೆ ಎತ್ತಲಿಲ್ಲ. "ಸಾರ್ ಕೋರ್ಟಲ್ಲಿದ್ದಾರೆ. ಬಾಕಿ ಕ್ಲಿಯರ್ ಮಾಡಿ, ಎನ್‌ಒಸಿ ಸಿಗ್ತದೆ, ಫೈಲೂ ಸಿಗ್ತದೆ." ಎನ್‌ಒಸಿ ಅಂದರೆ ಬೇರೆ ವಕೀಲರನ್ನು ಇಡಲು ಇವರು ಕೊಡುವ ಒಪ್ಪಿಗೆ ಕಾಗದ. ಫೈಲ್ ಕಣ್ಣೆದುರೇ ಇತ್ತು. ಸ್ಟೀಲ್ ಕಪಾಟಿನ ಕೆಳಗಿನ ಹಲಗೆಯಲ್ಲಿ, ಕೆಂಪು ಟೇಪು ಕಟ್ಟಿಕೊಂಡು, ಸೊಸೈಟಿಯಲ್ಲಿ ಅಡವಿಟ್ಟ ಬಳೆಯ ಹಾಗೆ ಪಾಪದ್ದು ಕೂತಿತ್ತು.

ಹಾಗೆ ಅಡವಿಟ್ಟುಕೊಳ್ಳುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು 2000ದಲ್ಲೇ ಹೇಳಿ ಆಗಿದೆ. ಮಧ್ಯಪ್ರದೇಶದ ಸಹಕಾರಿ ಬ್ಯಾಂಕೊಂದರ ವಕೀಲರು 97,100 ರೂಪಾಯಿ ಬಾಕಿ ಅಂತ ಫೈಲುಗಳನ್ನು ಹಿಡಿದಿಟ್ಟುಕೊಂಡಿದ್ದರು. ಕೇಸಿನ ಕಾಗದ ಮಾರಿ ದುಡ್ಡು ಮಾಡುವ ಸಾಮಾನಲ್ಲ, ಫೀಸ್ ಬೇಕಾದರೆ ಬೇರೆ ದಾರಿ ನೋಡಿ, ಫೈಲ್ ವಾಪಸ್ ಕೊಡಿ ಅಂತ ಕೋರ್ಟು ಹೇಳಿತು. ಇದನ್ನು ಕ್ಲಾರ್ಕಿಗೆ ಹೇಳಿದೆ. "ಆ ತೀರ್ಪು ಉಂಟಾ ನಿಮ್ಮ ಹತ್ರ?" ಅಂತ ಕೇಳಿದ. ಮನೆಯಲ್ಲಿ ಉಂಟು ಅಂದೆ. "ಜೆರಾಕ್ಸ್ ಬೇಕಾದ್ರೆ ಇಲ್ಲೇ ಮಾಡ್ತೇವೆ" ಅಂದ.

ಕೈ ತಪ್ಪಿದ ವಸ್ತು ವಾಪಸ್ ಬರಬೇಕಾದರೆ ಕರಾವಳಿಯವರಿಗೆ ಒಂದು ದಾರಿ ಗೊತ್ತು. ಅಮ್ಮ ನಮ್ಮ ದೈವ ಕೊರಗಜ್ಜನಿಗೆ ಹರಕೆ ಹೇಳಿಕೊಂಡರು. ಒಂದು ಕುಪ್ಪಿ, ಚಕ್ಕುಲಿ, ಎಲೆ ಅಡಿಕೆ. ನೋಡಿ, ಎಷ್ಟು ಚೊಕ್ಕ. ಏನು ಕೊಡಬೇಕು ಅಂತ ಮೊದಲೇ ಗೊತ್ತು. ಕೆಲಸ ಆದ ಮೇಲೆ ಕೊಟ್ಟರೆ ಸಾಕು. ಅಜ್ಜನ ಲೆಕ್ಕದಲ್ಲಿ ಇತರೆ ಇಲ್ಲ. ಕಟೀಲು ದೇವಿಗೆ ಆಟದ, ಅಂದರೆ ಯಕ್ಷಗಾನ ಆಡಿಸುವ, ಹರಕೆ ಹೊತ್ತವರನ್ನು ಕೇಳಿ. ಮಗು ಹುಟ್ಟಿದರೆ ಒಂದು ಆಟ ಅಂತ ಹೇಳಿಕೊಂಡು ಹೆಸರು ಕೊಟ್ಟರೆ, ಸರದಿ ಬರುವಾಗ ಆ ಮಗು ಕಾಲೇಜಿಗೆ ಹೋಗಿ, ವೇಷ ಕಟ್ಟುವ ಚೌಕಿಯ ಹತ್ತಿರ ನಿಂತು ಸೆಲ್ಫಿ ತೆಗೆಯುತ್ತಿರುತ್ತದೆ. ಅಷ್ಟು ವರ್ಷದಲ್ಲಿ ಅಮ್ಮನವರು ಬಾಕಿಗೆ ನೋಟಿಸ್ ಕಳಿಸಿದ್ದುಂಟಾ?

ಗೆದ್ದರೆ ಇಷ್ಟು ಅನ್ನುವ ಈ ಮಾತುಕತೆ ದೈವ ದೇವರಿಗೆ ಮಾತ್ರ. ವಕೀಲರಿಗೆ ಇಲ್ಲ. ವಕೀಲರಿಗೆ ಶಿಸ್ತು ಹೇಳುವ ಬಾರ್ ಕೌನ್ಸಿಲಿನ 20ನೇ ನಿಯಮ ಅದನ್ನೇ ಹೇಳುತ್ತದೆ: ಕೇಸಿನ ಫಲಿತಾಂಶ ನೋಡಿ ಫೀಸ್ ಇಲ್ಲ, ಬಂದ ಹಣದಲ್ಲಿ ಪಾಲೂ ಇಲ್ಲ.

ವಕೀಲರ ಕಷ್ಟವೂ ಇಲ್ಲ ಅಂತಲ್ಲ. ನನ್ನ ಒಬ್ಬ ಸ್ನೇಹಿತ ಉಡುಪಿಯಲ್ಲಿ ಪ್ರಾಕ್ಟೀಸ್ ಮಾಡುತ್ತಾನೆ. ಗೆದ್ದ ಮರುದಿನದಿಂದ ಕಕ್ಷಿದಾರ ಫೋನ್ ಎತ್ತುವುದಿಲ್ಲವಂತೆ. ಮೇ ತಿಂಗಳಲ್ಲಿ ಒಂದು ಹಲಸಿನಹಣ್ಣು ತಂದು ಮೇಜಿನ ಮೇಲಿಟ್ಟು "ಸಾರ್, ನಮ್ಮ ಮರದ್ದೇ" ಅಂತ ಹೊರಟು ಹೋಗುತ್ತಾನಂತೆ. ಬಾಕಿ ಫೀಸಿಗೆ ವಕೀಲರು ದಾವೆ ಹಾಕಬಹುದು, 1926ರ ಕಾಯ್ದೆಯೇ ಇದೆ. ಯಾಕೆ ಹಾಕಲಿಲ್ಲ ಅಂತ ಕೇಳಿದೆ. "ಎಷ್ಟು ಅಂತ ಬರ್ಕೊಂಡಿರ್ಲಿಲ್ಲ ಮಾರಾಯ" ಅಂದ.

ನಾನು ಎಲ್ಲಿಗೆ ಹೋಗಬೇಕು? ಮಿಕ್ಸಿ ಕೆಟ್ಟರೆ ಗ್ರಾಹಕರ ಆಯೋಗ ಉಂಟು. ವಕೀಲರ ಸೇವೆ ಅದಕ್ಕೆ ಬರುವುದಿಲ್ಲ ಅಂತ 2024ರ ಮೇ ತಿಂಗಳಲ್ಲಿ ತೀರ್ಪಾಯಿತು. ಕಾರಣ ಕೇಳಿದರೆ ಖುಷಿಯಾಗುತ್ತದೆ. ವಕೀಲರು ಕಕ್ಷಿದಾರ ಹೇಳಿದ ಹಾಗೆ ನಡೆಯಬೇಕು, ಅವರ ಕೆಲಸದ ಮೇಲೆ ನೇರ ಹಿಡಿತ ಇರುವುದು ಕಕ್ಷಿದಾರನಿಗೇ ಅಂತೆ. ಅಂದರೆ ಯಜಮಾನ ನಾನು! ಯಜಮಾನ ಆ ದಿನ ಹೊರಗಿನ ಬೆಂಚಿನಲ್ಲಿ ಎರಡೂವರೆ ಗಂಟೆ ಕೂತಿದ್ದ. ಉಳಿದದ್ದು ಬೆಂಗಳೂರಿನ ರಾಜ್ಯ ಬಾರ್ ಕೌನ್ಸಿಲ್. ಅಲ್ಲಿ ಒಂದು ವರ್ಷದಲ್ಲಿ ಮುಗಿಯದಿದ್ದರೆ ದೂರು ದಿಲ್ಲಿಗೆ ಹೋಗುತ್ತದೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ದಾಟುವುದೇ ಕಷ್ಟ, ದಿಲ್ಲಿ ಆಮೇಲೆ.

ನನ್ನದು 32 ಸೆಂಟ್ಸಿನ ಗೋಳು, ಇರಲಿ. ತೆಲಂಗಾಣದ ಒಬ್ಬ ಹೆಂಗಸಿನದ್ದು ಓದಿ. 1998ರಲ್ಲಿ ಅಪಘಾತದಲ್ಲಿ ಗಂಡ ತೀರಿಹೋದರು. ಪರಿಹಾರ ಬಂತು. ವಕೀಲರಿಗೆ ಹತ್ತು ಲಕ್ಷ ಕೊಟ್ಟರು. ಸಾಲದು, ಬಂದ ಹಣದಲ್ಲಿ ಪಾಲು ಬೇಕು ಅಂತ ವಕೀಲರು ಇನ್ನೂ ಹತ್ತು ಲಕ್ಷಕ್ಕೆ ಚೆಕ್ ಬರೆಸಿಕೊಂಡರು. ಖಾತೆಯಲ್ಲಿ ದುಡ್ಡಿರಲಿಲ್ಲ, ಚೆಕ್ ಬೌನ್ಸ್ ಆಯಿತು, ತನ್ನ ಕಕ್ಷಿದಾರಳ ಮೇಲೆಯೇ ವಕೀಲರು ಚೆಕ್ ಕೇಸ್ ಹಾಕಿದರು. ಅದು ರದ್ದಾದದ್ದು 2017ರ ಡಿಸೆಂಬರಿನಲ್ಲಿ, ಸುಪ್ರೀಂ ಕೋರ್ಟಿಗೆ ಹೋದ ಮೇಲೆ. ಬಂದ ಹಣದಲ್ಲಿ ಪಾಲು ಕೇಳುವುದು ತಪ್ಪು ಅಂತ ಅದೇ ಕೋರ್ಟು 1954ರಲ್ಲೇ ಹೇಳಿತ್ತು. 63 ವರ್ಷ! ಸತ್ತ ಗಂಡನ ಬೆಲೆಯಲ್ಲಿ ನೂರಕ್ಕೆ ಇಷ್ಟು ಅಂತ ಕೇಳುವುದಕ್ಕೆ ನಾಲಿಗೆ ಹೇಗೆ ಬರುತ್ತದೆ? ನಮ್ಮ ಹೆದ್ದಾರಿ 66ರಲ್ಲಿ ಜನ ಸಾಯುವುದೇನು ಕಮ್ಮಿಯಾ? ಆ ಮನೆಯ ಹೆಂಗಸಿಗೆ ಸರಕಾರದ ಉಚಿತ ಕಾನೂನು ನೆರವು ಸಿಗುತ್ತದೆ, ಹೆಂಗಸರಿಗೆ ಆದಾಯದ ಮಿತಿ ಕೂಡ ಇಲ್ಲ ಅಂತ ಅವಳ ಕಿವಿಗೆ ಹೇಳುವವರು ಯಾರು? ಫೀಸ್ ಇಲ್ಲದ ಮಾತನ್ನು ಯಾರೂ ಹೇಳುವುದಿಲ್ಲ. ಸಾಕಾಗಿದೆ.

ನಾಡಿದ್ದು ಡೇಟ್. ತಮ್ಮನನ್ನು ಫೈಲ್ ಕೇಳಲಿಕ್ಕೆ ಇನ್ನೊಮ್ಮೆ ಕಳಿಸಿದ್ದೆ. ಸಾರ್ ಕೋರ್ಟಲ್ಲಿದ್ದಾರಂತೆ. ಫೈಲ್ ಅಲ್ಲೇ ಇದೆಯಂತೆ, ಆದರೆ ತೆಗೆಯಲಿಕ್ಕೆ ಆಗುವುದಿಲ್ಲವಂತೆ. ಯಾರೋ ಕಕ್ಷಿದಾರ ತಂದುಕೊಟ್ಟ ಹಲಸಿನಹಣ್ಣನ್ನು ಅದರ ಮೇಲೆ ಇಟ್ಟಿದ್ದಾರಂತೆ.