ಸರ್ವಿಸ್ ಎಂಬ ಸರ್ವಾಂತರ್ಯಾಮಿ

ಉಡುಪಿಯಲ್ಲಿ ಸಿಟಿ ಬಸ್ ನಿಲ್ದಾಣ ಒಂದು, ಅದರ ಸನಿಹದಲ್ಲಿಯೇ ಸರ್ವಿಸ್ ಬಸ್ ನಿಲ್ದಾಣ ಇನ್ನೊಂದು. ಘಟ್ಟದ ಮೇಲಿನಿಂದ ಮೊದಲ ಸಲ ಬಂದವರಿಗೆ ಈ ಹೆಸರುಗಳು ಸಣ್ಣದೊಂದು ಗೊಂದಲ ಹುಟ್ಟಿಸುತ್ತವೆ. ಇಲ್ಲಿ ನಿಂತಿರುವುದು ಸರ್ವಿಸ್ ಬಸ್ಸಾದರೆ ಅಲ್ಲಿಯದು ಏನು, ಸಿಟಿ ಬಸ್ಸಿನವರು ಜನರಿಗೆ ಸೇವೆ ಸಲ್ಲಿಸುವುದಿಲ್ಲವೇ ಎಂದು ಅವರು ಕೇಳಿದರೆ ಊರಿನವರಿಗೆ ತಟ್ಟನೆ ಉತ್ತರ ಹೊಳೆಯುವುದಿಲ್ಲ. ಮಂಗಳೂರಿನ ಸ್ಟೇಟ್‌ಬ್ಯಾಂಕಿನಲ್ಲಿಯೂ (ಬ್ಯಾಂಕಿನ ಹೆಸರು ಬಸ್ ನಿಲ್ದಾಣಕ್ಕೆ ಅಂಟಿಕೊಂಡ ಬಗೆಯನ್ನು ಇನ್ನೊಮ್ಮೆ ನೋಡೋಣ) ಪದ್ಧತಿ ಇದೇ. ಊರೊಳಗೆ ತಿರುಗುವುದು ಸಿಟಿ, ಊರು ದಾಟಿ ಹೋಗುವುದು ಸರ್ವಿಸ್, ಊರು ದಾಟಿಯೂ ಕಂಡಕಂಡಲ್ಲಿ ನಿಲ್ಲದಿರುವುದು ಎಕ್ಸ್‌ಪ್ರೆಸ್.

ಆದ್ದರಿಂದ ಉಚ್ಚಿಲದಲ್ಲೋ ಮೂಳೂರಿನಲ್ಲೋ ಇಳಿಯಬೇಕಾದವರು ಹತ್ತುವ ಮೊದಲು ‘ಸರ್ವಿಸ್ಸಾ, ಎಕ್ಸ್‌ಪ್ರೆಸ್ಸಾ’ ಎಂದು ಕೇಳಿಕೊಳ್ಳುತ್ತಾರೆ. ಸರ್ವಿಸ್ ಎಂದರೆ ಹೆಜಮಾಡಿ, ಪಡುಬಿದ್ರಿ, ಎರ್ಮಾಳು ಎಂದು ಒಂದೊಂದೂರನ್ನೂ ಮಾತಾಡಿಸಿಕೊಂಡು ಹೋಗುವ ಬಸ್ಸು. ರಸ್ತೆಬದಿಯಲ್ಲಿ ಮೀನಿನ ಬುಟ್ಟಿಯೊಡನೆ ನಿಂತವರು ಕೈ ಅಡ್ಡ ಹಿಡಿದರೆ ಅದು ನಿಲ್ಲುತ್ತದೆ; ಕಂಡಕ್ಟರ್ ಇಳಿದು, ಬುಟ್ಟಿಯನ್ನು ಹಿಂದಿನ ಬಾಗಿಲಿನ ಬಳಿ ಇಡಿಸಿ, ‘ದುಂಬು ಪೋಲೆ’ ಎಂದು ನಿಂತವರನ್ನೆಲ್ಲ ಮುಂದಕ್ಕೆ ಸರಿಸಿ, ‘ರೈಟ್ ಪೋಯಿ’ ಎಂದ ಮೇಲೆಯೇ ಹೊರಡುತ್ತದೆ. ಹೀಗೆ ನಿಂತು ನಿಂತು ಹೋಗುವುದು ಎಂಬ ಅರ್ಥವನ್ನು ಯಾವ ಇಂಗ್ಲಿಷ್ ನಿಘಂಟಿನವರೂ ಸರ್ವಿಸ್ ಶಬ್ದದ ಎದುರು ಬರೆದಿರಲಾರರು. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವುದು ‘ಬಸ್ ಸರ್ವಿಸ್’. ಅದು ವಾಹನದ ಹೆಸರಲ್ಲ, ಒಂದು ದಾರಿಯಲ್ಲಿ ಗೊತ್ತಾದ ವೇಳೆಗೆ ಬಸ್ಸು ಓಡಿಸುವ ಏರ್ಪಾಟಿನ ಹೆಸರು. ಹಾಗೆಂದು ನಮ್ಮ ‘ಸರ್ವಿಸ್ ಬಸ್’ ತಲೆಕೆಳಗಾದ ಪ್ರಯೋಗವೆಂದು ನಗುವುದಕ್ಕೂ ಆಗದು. ಬ್ರಿಟನ್ನಿನಲ್ಲಿಯೂ ವೇಳಾಪಟ್ಟಿಯಂತೆ ಓಡುವ ಬಸ್ಸನ್ನು ಬಾಡಿಗೆಯ ಬಸ್ಸಿನಿಂದ ಬೇರ್ಪಡಿಸಲು ಹೀಗೆ ಕರೆಯುವುದುಂಟು. ಅಲ್ಲಿ ಅದರ ಎದುರಾಳಿ ಬಾಡಿಗೆ ಬಸ್ಸು, ನಮ್ಮಲ್ಲಿ ಎಕ್ಸ್‌ಪ್ರೆಸ್ಸು. ಎದುರಾಳಿ ಬದಲಾದಾಗ ಶಬ್ದದ ಅರ್ಥವೂ ಸರಿಯಿತು, ಅಷ್ಟೆ. ನಮ್ಮ ಮೋಟಾರು ವಾಹನ ಕಾಯಿದೆಯಂತೂ ಈ ಶಬ್ದದ ಗೋಜಿಗೇ ಹೋಗದೆ ಇಂಥ ಬಸ್ಸನ್ನು ‘ಸ್ಟೇಜ್ ಕ್ಯಾರಿಯೇಜ್’ ಎಂದು ಕರೆದಿದೆ.

ಲ್ಯಾಟಿನ್ನಿನಲ್ಲಿ ‘ಸೆರ್ವುಸ್’ ಎಂದರೆ ಗುಲಾಮ. ಅವನ ಸ್ಥಿತಿಯನ್ನು ಹೇಳುವ ಶಬ್ದವೇ ಫ್ರೆಂಚಿನ ದಾರಿಯಾಗಿ ಇಂಗ್ಲಿಷಿಗೆ ಬಂದು ಸರ್ವಿಸ್ ಆಯಿತು. ನಮ್ಮ ‘ಸೇವೆ’ ಸಂಸ್ಕೃತದ ‘ಸೇವ್’ ಧಾತುವಿನಿಂದ ಬಂದದ್ದು. ಎರಡೂ ಸಕಾರದಿಂದ ಆರಂಭವಾಗಿ ನಡುವೆ ವಕಾರವನ್ನು ಇಟ್ಟುಕೊಂಡಿರುವುದರಿಂದ ಹತ್ತಿರದ ನೆಂಟರೆಂಬ ಭ್ರಮೆ ಹುಟ್ಟುತ್ತದೆ. ಶಾಲೆಯಲ್ಲಿ ಕಲಿಸುವಂತೆ ಒಂದಕ್ಕೆ ಇನ್ನೊಂದು ಅರ್ಥವೆಂದು ಬರೆದುಕೊಂಡರೂ, ಕರಾವಳಿಯ ಬಳಕೆಯಲ್ಲಿ ಇವೆರಡೂ ತರವಾಡು ಮನೆಯ ಅಣ್ಣತಮ್ಮಂದಿರಂತೆ ಪಾಲು ಮಾಡಿಕೊಂಡು ಬೇರೆ ಬೇರೆ ಒಲೆ ಹೂಡಿವೆ. ಕೃಷ್ಣಮಠದ ಕೌಂಟರಿನಲ್ಲಿ ಬರೆಸುವುದು ಸೇವೆ, ಮೇಳದವರಿಂದ ಹರಕೆ ತೀರಿಸಲು ಆಡಿಸುವ ಬಯಲಾಟದ ಕರೆಯೋಲೆಯಲ್ಲಿ ‘ಬೆಳಕಿನ ಸೇವೆ’ ಎಂದೇ ಅಚ್ಚು ಹಾಕಿಸುತ್ತಾರೆ. ಅಲ್ಲಿ ಸರ್ವಿಸ್ಸಿಗೆ ಪ್ರವೇಶವಿಲ್ಲ. ಹಾಗೆಯೇ ಮಳೆಗಾಲ ಮುಗಿದ ಮೇಲೆ ಬೈಕಿಗೆ ‘ಸೇವೆ’ ಮಾಡಿಸಬೇಕು ಎಂದವರನ್ನು ಅವರಿಗೆ ಅರ್ಚಕರ ಅಗತ್ಯವಿದೆಯೋ ಮೆಕ್ಯಾನಿಕ್ಕಿನ ಅಗತ್ಯವಿದೆಯೋ ಎಂದು ಮತ್ತೊಮ್ಮೆ ಕೇಳಬೇಕಾಗುತ್ತದೆ. ದೇವರಿಗೆ, ಹಿರಿಯರಿಗೆ, ಊರಿಗೆ ಸಲ್ಲುವುದು ಸೇವೆ. ಯಂತ್ರಕ್ಕೆ, ರಸ್ತೆಗೆ, ಸಂಬಳಕ್ಕೆ ಸಂಬಂಧಿಸಿದ್ದು ಸರ್ವಿಸ್. ಈ ಪಾಲುಪಟ್ಟಿಯನ್ನು ಲೆಕ್ಕಿಸದಿರುವುದು ಸರಕಾರಿ ಕನ್ನಡ ಮಾತ್ರ. 1994ರಲ್ಲಿ ದೂರವಾಣಿ, ಷೇರು ದಲ್ಲಾಳಿ ಮತ್ತು ಸಾಮಾನ್ಯ ವಿಮೆ ಎಂಬ ಮೂರು ಬಾಬತ್ತುಗಳ ಮೇಲೆ ಶೇಕಡಾ 5ರ ದರದಲ್ಲಿ ಬಂದ ತೆರಿಗೆಯನ್ನು ‘ಸೇವಾ ತೆರಿಗೆ’ ಎಂದರು, 2017ರ ಜುಲೈಯಲ್ಲಿ ಅದು ‘ಸರಕು ಮತ್ತು ಸೇವಾ ತೆರಿಗೆ’ಯೊಳಗೆ ಸೇರಿತು. ಜನ ಮಾತ್ರ ಅದನ್ನು ಜಿಎಸ್‌ಟಿ ಎಂದೇ ಕರೆದು, ತೆರಿಗೆಯ ಸಂಗಡ ಸೇವೆಯನ್ನು ಸೇರಿಸುವ ಸಂಕಟದಿಂದ ಪಾರಾದರು.

ಇಂಗ್ಲಿಷಿನಲ್ಲಿ ಬರೆಯುವಾಗ ಎಚ್ಚರ ಬೇಕಾದ ಜಾಗ ಒಂದಿದೆ. ನಾಮಪದವಾಗಿ ಸರ್ವಿಸ್ ಎಲ್ಲಿ ಬೇಕಾದರೂ ಹೊಂದಿಕೊಳ್ಳುತ್ತದೆ, ಆದರೆ ಕ್ರಿಯಾಪದವಾದೊಡನೆ ಅದರ ವ್ಯಾಪ್ತಿ ಕಿರಿದಾಗುತ್ತದೆ. ಮನುಷ್ಯರಿಗೆ, ಅನ್ನಕ್ಕೆ, ದೇಶಕ್ಕೆ, ಜೈಲುಶಿಕ್ಷೆಗೆ ಬಳಸಬೇಕಾದ ಕ್ರಿಯಾಪದ ‘ಸರ್ವ್’. ‘ಸರ್ವಿಸ್’ ಎಂಬ ಕ್ರಿಯಾಪದ ಸಲ್ಲುವುದು ಮುಖ್ಯವಾಗಿ ಯಂತ್ರಗಳಿಗೆ ಮತ್ತು ಬಡ್ಡಿ ಕಟ್ಟುತ್ತಿರುವ ಸಾಲಕ್ಕೆ. ಅತಿಥಿಗಳನ್ನು ನಾವು ಚೆನ್ನಾಗಿ ‘ಸರ್ವಿಸ್’ ಮಾಡಿದೆವು ಎಂದು ಒಬ್ಬ ಮ್ಯಾನೇಜರ್ ಇಂಗ್ಲಿಷಿನಲ್ಲಿ ವರದಿ ಬರೆದರೆ, ಅತಿಥಿಗಳ ಆಯಿಲ್ ಬದಲಾಯಿಸಿದಂತಾಗುತ್ತದೆ. ಪಶುಪಾಲನೆಯ ಪುಸ್ತಕ ಓದಿದವರಿಗಂತೂ ಆ ಕ್ರಿಯಾಪದಕ್ಕೆ ಹೋರಿಯಂಥ ಗಂಡು ಪ್ರಾಣಿಗಳಿಗೆ ಸಲ್ಲುವ ಇನ್ನೊಂದು ಅರ್ಥವಿರುವುದು ನೆನಪಾಗಿ ವರದಿ ಮುಂದೆ ಓದಲಾಗುವುದಿಲ್ಲ. ವಾಲಿಬಾಲಿನಲ್ಲಿಯೂ ಇದೇ ನಿಯಮ: ‘ಸರ್ವಿಸ್’ ಯಾರದೆಂದು ಕೇಳಬಹುದು, ಆದರೆ ಆಟಗಾರ ಮಾಡುವುದು ‘ಸರ್ವ್’. ಕನ್ನಡದಲ್ಲಿ ಈ ಗೋಳಿಲ್ಲ. ನಾಮಪದವನ್ನು ತಂದು ‘ಮಾಡು’ ಎಂಬ ಎರಡಕ್ಷರವನ್ನು ಹೊಂದಿಸಿದರೆ ಕೆಲಸ ಮುಗಿಯಿತು, ಜೊತೆಗೆ ನಾವೇ ಮಾಡುವುದಕ್ಕೂ ಇನ್ನೊಬ್ಬರಿಂದ ಮಾಡಿಸುವುದಕ್ಕೂ ನಡುವಣ ಅಂತರ ತಾನಾಗಿ ಸ್ಪಷ್ಟವಾಗುತ್ತದೆ. ನನ್ನ ಮಟ್ಟಿಗೆ ಇದು ಇಂಗ್ಲಿಷಿಗಿಂತ ಅಚ್ಚುಕಟ್ಟಾದ ಏರ್ಪಾಟು.

ಹೊಸ ಸ್ಕೂಟರಿನ ಜೊತೆಗೆ ಕೊಡುವ ಪುಸ್ತಕದಲ್ಲಿ ‘ಫ್ರೀ ಸರ್ವಿಸ್’ ಎಂಬ ಕೂಪನ್ನುಗಳಿರುತ್ತವೆ. ಅಲ್ಲಿ ಸಾಮಾನ್ಯವಾಗಿ ಫ್ರೀ ಆಗಿರುವುದು ಕೂಲಿ ಮಾತ್ರ. ಆಯಿಲಿಗೂ ಬಿಡಿಭಾಗಗಳಿಗೂ ಬೆಲೆ ಕಟ್ಟಿದ ಬಿಲ್ಲು ಕೈಗೆ ಬಂದಾಗಲೇ ಶಬ್ದದ ಸರಿಯಾದ ಅರ್ಥ ಮಾಲಕರಿಗೆ ತಿಳಿಯುತ್ತದೆ. ಹೆದ್ದಾರಿಯ ಬದಿಯಲ್ಲಿ ‘ವಾಟರ್ ಸರ್ವಿಸ್’ ಎಂಬ ಫಲಕವಿದ್ದರೆ ಅಲ್ಲಿ ಕುಡಿಯುವ ನೀರು ಸಿಗುವುದಿಲ್ಲ, ಪೈಪಿನಿಂದ ಜೋರಾಗಿ ನೀರು ಚಿಮ್ಮಿಸಿ ಗಾಡಿಯ ಕೆಸರು ತೊಳೆದುಕೊಡುತ್ತಾರೆ. ಕಂಬದಿಂದ ಮನೆಗೆ ಎಳೆದ ತಂತಿ ‘ಸರ್ವಿಸ್ ವೈರ್’. ಆಟಿ ತಿಂಗಳ ಗಾಳಿಗೆ ತೆಂಗಿನ ಮಡಲು ಬೀಳುವುದು ಸರಿಯಾಗಿ ಅದರ ಮೇಲೆಯೇ ಆದುದರಿಂದ, ಮೆಸ್ಕಾಂನ ಲೈನ್‌ಮ್ಯಾನ್ ಬರುವವರೆಗೆ ಕತ್ತಲೆಯಲ್ಲಿ ಕುಳಿತವರ ಬಾಯಿಗೆ ಈ ಶಬ್ದ ಮತ್ತೆ ಮತ್ತೆ ಬರುತ್ತದೆ.

ವಿಚಿತ್ರವೆಂದರೆ, ಹೋಟೆಲುಗಳಿಗೆ ಹೆಸರಾದ ಉಡುಪಿಯ ಕಡೆ, ತಿಂಡಿ ತಂದು ಮೇಜಿನ ಮೇಲಿಡುವವನಿಗೆ ಈ ಶಬ್ದದ ಸಂಪರ್ಕವೇ ಇಲ್ಲ. ಅವನು ಸರ್ವರ್ ಅಲ್ಲ, ‘ಸಪ್ಲೈಯರ್’, ಹಿಂದಿನವರಿಗೆ ‘ಮಾಣಿ’. ಸರ್ವಿಸ್ ಶಬ್ದ ಹೋಟೆಲಿನೊಳಗೆ ಬಂದದ್ದು ‘ಸೆಲ್ಫ್’ ಎಂಬುದರ ಬೆನ್ನು ಹಿಡಿದು, ಅಂದರೆ ಸರ್ವಿಸ್ ಇಲ್ಲವೆಂದು ತಿಳಿಸುವುದಕ್ಕೆ. ದೊಡ್ಡ ನಗರಗಳ ಕೆಲವು ಹೋಟೆಲಿನವರು ಬಿಲ್ಲಿನ ಕೊನೆಯಲ್ಲಿ ‘ಸರ್ವಿಸ್ ಚಾರ್ಜ್’ ಸೇರಿಸತೊಡಗಿದಾಗ, ಅದನ್ನು ತಾವಾಗಿಯೇ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಮಾರ್ಗಸೂಚಿ ಹೊರಡಿಸಬೇಕಾಯಿತು. ಬಾಳೆಲೆಯ ಪಂಕ್ತಿಯಲ್ಲಿ ಸಾರಿನ ಬಕೆಟ್ಟು ಹಿಡಿದು ಬಗ್ಗಿ ಬಗ್ಗಿ ನಡೆಯುವವರ ಕೆಲಸಕ್ಕೆ ‘ಬಡಿಸುವುದು’ ಎಂಬ ಶಬ್ದ ಗಟ್ಟಿಯಾಗಿ ಉಳಿದಿರುವುದು ನನಗೆ ಸಂತೋಷದ ಸಂಗತಿ.

ಸಂಬಳದವರ ಸರ್ವಿಸ್ಸಿನಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ‘ಅವರಿಗೆ ಸರ್ವಿಸ್ ಎಷ್ಟಾಯಿತು’ ಎಂದರೆ ಎಷ್ಟು ವರ್ಷವಾಯಿತೆಂದು ಅರ್ಥವೇ ಹೊರತು ಎಷ್ಟು ಜನರ ಕೆಲಸ ಮಾಡಿಕೊಟ್ಟರೆಂದು ಅಲ್ಲ. ‘ಸರ್ವಿಸ್ ರಿಜಿಸ್ಟರ್’ ಎಂಬ ಪುಸ್ತಕದಲ್ಲಿಯೂ ವೇತನ ಬಡ್ತಿಗೆ, ರಜೆಗೆ, ವರ್ಗಾವಣೆಗೆ ಜಾಗವಿದೆ, ಉಪಕಾರಕ್ಕೆ ಇಲ್ಲ.

ಆದರೆ ಕೋರ್ಟಿನ ಸರ್ವಿಸ್ ಇವೆಲ್ಲಕ್ಕಿಂತ ಗಟ್ಟಿ ಪಿಂಡ. ಅಲ್ಲಿ ಸರ್ವಿಸ್ ಎಂದರೆ ಸಮನ್ಸನ್ನು ಪ್ರತಿವಾದಿಗೆ ತಲುಪಿಸುವುದು, ಕನ್ನಡದಲ್ಲಿ ‘ಜಾರಿ’. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶ ಸಮನ್ಸನ್ನು ಹೊರಡಿಸುವುದಕ್ಕೂ ಹೀಗೆ ಜಾರಿ ಮಾಡುವುದಕ್ಕೂ ಮೀಸಲು. ಉಳಿದ ಎಲ್ಲ ಸರ್ವಿಸ್ಸುಗಳೂ ಬೇಕೆಂದು ಕೇಳಿದವರಿಗೆ ಸಿಗುವಂಥವು, ಇದೊಂದನ್ನು ಮಾತ್ರ ಪಡೆಯಬೇಕಾದವರೇ ತಪ್ಪಿಸಿಕೊಂಡು ತಿರುಗುತ್ತಾರೆ. ಸಮನ್ಸು ತರುವ ಕೋರ್ಟಿನ ಅಮೀನರು ಬರುವ ಸುದ್ದಿ ತಿಳಿದು ಯಜಮಾನರು ಹಿತ್ತಿಲ ಬಾಗಿಲಿನಿಂದ ತೋಟಕ್ಕಿಳಿಯುವುದುಂಟು, ಬೀಗ ಹಾಕಿ ಮುಂಬಯಿಯ ಬಸ್ಸು ಹತ್ತುವುದೂ ಉಂಟು. ಶಾಸನ ಬರೆದವರಿಗೆ ಇಂಥವರ ಪರಿಚಯವಿದ್ದಿರಬೇಕು. ಹುಡುಕಿದರೂ ವ್ಯಕ್ತಿ ಸಿಗದಿದ್ದರೆ ಪ್ರತಿಯನ್ನು ಮನೆಯ ಹೊರಬಾಗಿಲಿಗೆ ಅಂಟಿಸಿ, ಅಂಟಿಸಿದ್ದು ಹೇಗೆ, ಯಾರ ಸಮ್ಮುಖದಲ್ಲಿ ಎಂದು ವರದಿ ಬರೆದು ಕೊಡಬೇಕೆಂದು ಅದೇ ಆದೇಶದ 17ನೇ ನಿಯಮ ಹೇಳುತ್ತದೆ. ಆ ವರದಿ ನ್ಯಾಯಾಲಯಕ್ಕೆ ಒಪ್ಪಿಗೆಯಾದರೆ, ಮುಂಬಯಿಯ ಬೊರಿವಿಲಿಯಲ್ಲಿ ಚಹಾ ಕುಡಿಯುತ್ತಿರುವ ಪ್ರತಿವಾದಿಗೂ ಸರ್ವಿಸ್ ಆದಂತೆಯೇ.