ನ್ಯೂಯಾರ್ಕಿನ ಆ ಗಾಜಿನ ಕಟ್ಟಡ ಆಸ್ಪತ್ರೆಯಲ್ಲ

ಕೊಲಂಬಿಯಾ ವಿಶ್ವವಿದ್ಯಾಲಯದ ವ್ಯಾಜೆಲೋಸ್ ಕಟ್ಟಡದ ಫೋಟೋ ಹಾಕಿ, ‘ಇದು ನ್ಯೂಯಾರ್ಕಿನ ಹೊಸ ಆಸ್ಪತ್ರೆ, ಇಲ್ಲಿ ಓದುವ ಎಲ್ಲರಿಗೂ ಫೀಸು ಮಾಫಿ’ ಎಂದು ಹಂಚುತ್ತಿದ್ದಾರೆ. ಎರಡೂ ತಪ್ಪು.

2016ರಲ್ಲಿ ತೆರೆದ ಈ 14 ಮಹಡಿಯ ಕಟ್ಟಡ ಇರುವುದು ವೈದ್ಯಕೀಯ ವಿದ್ಯಾರ್ಥಿಗಳ ಪಾಠಕ್ಕೆ. ಒಳಗೆ ಕಾಣುವ ರೋಗಿಯ ಕೋಣೆ, ಆಪರೇಷನ್ ಕೋಣೆ ಎಲ್ಲ ಅಭ್ಯಾಸಕ್ಕೆ ಮಾಡಿದವು. ಮಂಚದ ಮೇಲೆ ಗೊಂಬೆ ಇರುತ್ತದೆ. ಕೆಲವೊಮ್ಮೆ ತರಬೇತಿ ಪಡೆದವರು ರೋಗಿಯಂತೆ ನಟಿಸುತ್ತಾರೆ. ನಿಜವಾದ ರೋಗಿಯ ಮೇಲೆ ಕೈಯಿಡುವ ಮುಂಚೆ ವಿದ್ಯಾರ್ಥಿ ಇಲ್ಲಿ ತಪ್ಪು ಮಾಡಿ ಕಲಿಯಬಹುದು. ಇದು ಬಹಳ ಒಳ್ಳೆಯ ಕೆಲಸ, ಅಲ್ವಾ? ಫೋಟೋದಲ್ಲಿ ಕಾಣುವ ಮೆಟ್ಟಿಲುಗಳ ಸಾಲೂ ಸುಮ್ನೆ ಅಂದಕ್ಕಲ್ಲ. ಅದರ ಉದ್ದಕ್ಕೂ ಕೂತು ಓದಲು, ಚರ್ಚಿಸಲು ಜಾಗಗಳಿವೆ. ಚಿಕಿತ್ಸೆ ನಡೆಯುವುದು ಹತ್ತಿರದ ಬೇರೆ ಆಸ್ಪತ್ರೆಯಲ್ಲಿ.

ಇನ್ನು ಫೀಸಿನ ಮಾತು. 2018ರಲ್ಲಿ ಎಲ್ಲ ಎಂಡಿ (ನಮ್ಮ ಎಂಬಿಬಿಎಸ್‌ನಂತೆ ಅಲ್ಲಿನ ಮೊದಲ ವೈದ್ಯ ಪದವಿ) ವಿದ್ಯಾರ್ಥಿಗಳ ಬೋಧನಾ ಶುಲ್ಕ ರದ್ದು ಮಾಡಿದ್ದು ಅದೇ ಊರಿನ ನ್ಯೂಯಾರ್ಕ್ ವಿಶ್ವವಿದ್ಯಾಲಯ. ಕೊಲಂಬಿಯಾ ಅದೇ ವರ್ಷ ಮಾಡಿದ್ದು ಬೇರೆ: ಹಣದ ಅಗತ್ಯವಿರುವ ವೈದ್ಯಕೀಯ ವಿದ್ಯಾರ್ಥಿಗಳಿಗೆ ಸಾಲದ ಬದಲು ವಿದ್ಯಾರ್ಥಿವೇತನ ಕೊಡಲು ಶುರುಮಾಡಿತು. ಮಕ್ಕಳನ್ನು ಅಲ್ಲಿಗೆ ಕಳಿಸುವ ಆಸೆ ಇರುವವರು ಈ ವ್ಯತ್ಯಾಸವನ್ನು ದಯವಿಟ್ಟು ಗಮನಿಸಿ.