‘ಸೀ’ ಅಂದರೆ ‘ನೋಡು’ ಅಲ್ಲ

ಮೊನ್ನೆ ಮಗಳು ಕೇಳಿದಳು. ‘ಅಪ್ಪಾ, ಸೀ ಅಂದ್ರೂ ನೋಡು, ಲುಕ್ ಅಂದ್ರೂ ನೋಡು, ವಾಚ್ ಅಂದ್ರೂ ನೋಡು. ಮತ್ತೆ ಮೂರು ಪದ ಯಾಕೆ?’ ಅವಳ ಇಂಗ್ಲಿಷ್ ಪುಸ್ತಕದಲ್ಲಿ ಮೂರಕ್ಕೂ ಅದೇ ಅರ್ಥ ಬರೆದಿತ್ತು. ನಾನು ಕಲಿತದ್ದೂ ಹಾಗೇ. ಇಷ್ಟು ವರ್ಷವಾದರೂ ಇದು ಬದಲಾಗಿಲ್ಲ ಅಂತ ನಿಜವಾಗಿಯೂ ಬೇಸರವಾಯಿತು. ಏಕೆಂದರೆ ಈ ವ್ಯತ್ಯಾಸ ಕನ್ನಡದಲ್ಲೇ ಇದೆ.

‘ನನಗೆ ಹಕ್ಕಿ ಕಾಣಿಸಿತು’ ಅನ್ನುತ್ತೇವೆ. ಅಲ್ಲಿ ನಾನೇನೂ ಮಾಡಲಿಲ್ಲ. ಕಣ್ಣು ತೆರೆದಿತ್ತು, ಹಕ್ಕಿ ಕಣ್ಣಿಗೆ ಬಿತ್ತು. ಅದು ಸೀ. ‘ಹಕ್ಕಿ ಕಡೆ ನೋಡಿದೆ’ ಅಂದರೆ ಬೇಕಂತಲೇ ಕಣ್ಣು ತಿರುಗಿಸಿದೆ. ಅದು ಲುಕ್, ಏನನ್ನು ಅಂತ ಹೇಳುವಾಗ ಅದರ ಬೆನ್ನಿಗೇ ‘ಆ್ಯಟ್’ ಬರುತ್ತದೆ. ಹಕ್ಕಿ ಗೂಡು ಕಟ್ಟುವುದನ್ನು ನೋಡುತ್ತಾ ಕೂತರೆ ವಾಚ್. ‘ಐ ಲುಕ್ಡ್, ಬಟ್ ಐ ಸಾ ನಥಿಂಗ್’ ಅನ್ನುವುದನ್ನು ಕನ್ನಡದಲ್ಲಿ ಹೇಳಿ ನೋಡಿ: ‘ನೋಡಿದೆ, ಏನೂ ಕಾಣಿಸಲಿಲ್ಲ.’ ಎಷ್ಟು ಸಲೀಸಾಗಿ ಬಂತು ಅಲ್ವಾ? ಸಿನಿಮಾಕ್ಕೆ ಮಾತ್ರ ಸೀ, ವಾಚ್ ಎರಡೂ ನಡೆಯುತ್ತವೆ.

ಹಿಯರ್, ಲಿಸನ್ ಕೂಡ ಹೀಗೇ. ಕಿವಿಗೆ ಬಿದ್ದರೆ ಹಿಯರ್, ಕಿವಿಗೊಟ್ಟರೆ ಲಿಸನ್. ‘ಐ ಆ್ಯಮ್ ಹಿಯರಿಂಗ್ ಸಾಂಗ್ಸ್’ ಅನ್ನುವ ಮಗುವಿಗೆ ಸುಮ್ನೆ ತಪ್ಪು ಅನ್ನುವ ಬದಲು ಈ ಒಂದು ಮಾತು ಹೇಳಿದರೆ ಸಾಕು.

ಇನ್ನೆರಡು ಜೋಡಿಗೂ ಕನ್ನಡವೇ ದಾರಿ ತೋರಿಸುತ್ತದೆ. ರೈಸ್ (rise) ಅಂದರೆ ಏರು, ರೇಸ್ (raise) ಅಂದರೆ ಏರಿಸು. ಲೈ (lie) ಅಂದರೆ ಮಲಗು, ಲೇ (lay) ಅಂದರೆ ಮಲಗಿಸು. ಆದರೆ ‘ಮಲಗಿದ’ ಅನ್ನುವುದಕ್ಕೂ ಇಂಗ್ಲಿಷ್‌ನಲ್ಲಿ ‘ಲೇ’ ಅಂತಲೇ ಇದೆ. ಇಲ್ಲಿ ಇಂಗ್ಲಿಷ್ ಮನೆಮಾತಿನವರೇ ಎಡವುತ್ತಾರೆ, ಮಕ್ಕಳನ್ನು ಬೈಯಬೇಡಿ.

ಸೇ, ಟೆಲ್ ವಿಷಯದಲ್ಲಿ ಕನ್ನಡ ನಮ್ಮ ಕೈ ಹಿಡಿಯುವುದಿಲ್ಲ. ನಮಗೆ ಎರಡೂ ‘ಹೇಳು’. ಇಲ್ಲಿ ಬೇರೆ ಗುರುತು ಬೇಕು. ಟೆಲ್ ಬಂದ ಕೂಡಲೇ ‘ಯಾರಿಗೆ?’ ಅನ್ನುವುದಕ್ಕೆ ಉತ್ತರ ಬರಬೇಕು: ‘ಶೀ ಟೋಲ್ಡ್ ಮಿ.’ ಸೇ ಜೊತೆ ಅದು ಕಡ್ಡಾಯವಲ್ಲ, ಹೇಳಲೇಬೇಕಾದರೆ ಮಧ್ಯೆ ‘ಟು’ ಬೇಕು: ‘ಶೀ ಸೆಡ್ ಟು ಮಿ.’ ‘ಟೆಲ್ ದ ಟ್ರೂತ್’, ‘ಟೆಲ್ ಅ ಸ್ಟೋರಿ’ ಈ ಲೆಕ್ಕಕ್ಕೆ ಸೇರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಮಗಳು, ‘ಡೂ, ಮೇಕ್ ಎರಡೂ ಮಾಡು ಅಲ್ವಾ?’ ಅಂದಳು. ಹೊಸದಾಗಿ ಒಂದು ವಸ್ತು ಹುಟ್ಟಿದರೆ ಸಾಮಾನ್ಯವಾಗಿ ಮೇಕ್, ಕೆಲಸ ಮುಗಿಸಿದರೆ ಡೂ ಅಂದೆ. ‘ಮೇಕ್ ಅ ಮಿಸ್ಟೇಕ್’, ‘ಡೂ ಅ ಫೇವರ್’ ಥರದವನ್ನು ಜೋಡಿಯಾಗಿಯೇ ಬಾಯಿಪಾಠ ಮಾಡಿಸುತ್ತಿದ್ದೇನೆ.